ಐದನೆಯ ಸಾಲಿನ ಪಕ್ಕದ ಜಾಗ

ಬಿಸಿಗಾಳಿ ಶಕೆ ಎಪ್ಪತ್ತೊಂದು, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ
ದಾವಣಗೆರೆ, ತಗ್ಗಿನ ಪೇಟೆ

ಹೇಮಾಕ್ಷಿ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಚನ್ನವೀರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪಿ ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಮ್ಮ ಬೇಸಿಗೆ ಹನ್ನೆರಡು ತಿಂಗಳಲ್ಲಿ ಮುಗಿಯದೆ ಹೋದದ್ದರಿಂದ ಇನ್ನೊಂದು ತಿಂಗಳು, ತಿಂಗಳಿಗೆ ಇನ್ನಷ್ಟು ದಿನ ಸೇರಿಸಿದ್ದಾರೆ. ಈ ಕಾಗದ ಹಿಂದಕ್ಕೆ ನಿಮ್ಮ ಕಾಲವನ್ನು ಮುಟ್ಟುವಾಗ ನಿಮಗೆ ಮೂವತ್ತನಾಲ್ಕು, ಬರೆಯುತ್ತಿರುವ ನನಗೆ ಐವತ್ತೆರಡು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇರೆ ಥರ ಕರೆದು ರೂಢಿಯಿಲ್ಲ. ನಾನು ಏಳನೆಯ ತರಗತಿವರೆಗೆ ಓದಿ, ಆಮೇಲೆ ನಿಮ್ಮ ಹಾಗೆಯೇ ನರ್ಸ್ ಕೆಲಸ ಕಲಿತವಳು. ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ. ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು.

ನಮ್ಮಲ್ಲಿ ರೂಪಾಯಿ ಇಲ್ಲ, ನೆರಳು ಇದೆ. ಊರ ನೆಲದಡಿಯಲ್ಲಿ ನಾಲ್ಕು ತಂಪುಮನೆಗಳಿವೆ. ಅಲ್ಲಿ ಒಂದು ತಾಸು ಕೂರುವ ಹಕ್ಕಿಗೆ ಒಂದು ನೆರಳು ಎನ್ನುತ್ತಾರೆ. ಕೂಲಿ, ಅಕ್ಕಿ, ಮನೆಬಾಡಿಗೆ, ಮದುವೆಯ ಮುಯ್ಯಿ ಎಲ್ಲವೂ ನೆರಳಿನಲ್ಲೇ. ಉಳಿದಂತೆ ನಾವು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿಕೊಂಡು, ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿದಿಟ್ಟು, ಹಗಲೆಲ್ಲ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತೇವೆ. ಆಸ್ಪತ್ರೆ ಯಾವ ನರ್ಸನ್ನೂ ಕೆಲಸಕ್ಕಿಟ್ಟುಕೊಳ್ಳುವುದಿಲ್ಲ. ಪ್ರತಿಯೊಬ್ಬಳೂ ಸ್ವಂತ ಗುತ್ತಿಗೆಯವಳು. ನನ್ನ ಎಡಗೈಯಲ್ಲಿ ದರಕಡಗವಿದೆ. ಸೂರ್ಯ ಹುಟ್ಟುವ ಮುಂಚೆ ಅದು ಎರಡು ಸಲ ಬಿಸಿಯಾಗುತ್ತದೆ. ಎರಡನೆಯ ಬಿಸಿಯೊಳಗೆ ಅವತ್ತಿನ ದರ ಅದಕ್ಕೆ ಹೇಳಬೇಕು. ಹೇಳಿದ ದರ ಬೀದಿಯ ಹಲಗೆಯ ಮೇಲೆ ಮೂಡುತ್ತದೆ, ಮರುದಿನದವರೆಗೆ ಬದಲಾಗುವುದಿಲ್ಲ. ಅಷ್ಟು ನೆರಳು ಕಡಗಕ್ಕೆ ಸಂದರೆ ಮಾತ್ರ ನನ್ನ ಮದ್ದಿನ ಪೆಟ್ಟಿಗೆ ತೆರೆಯುತ್ತದೆ. ಸಲೈನು, ಸೂಜಿ ಎಲ್ಲ ಅದರೊಳಗೇ ಇರುತ್ತವೆ.

ಇದರ ಬೇರು ನಿಮ್ಮ ಕ್ಯಾಲೆಂಡರ್ ಹಾಳೆ. ಅದು ನಮ್ಮ ಮನೆಯಲ್ಲಿ ಇನ್ನೂ ಇದೆ. ಕೂಲಿಯಲ್ಲಿ ಅರ್ಧ ನುಂಗುತ್ತಿದ್ದ ಏಜೆನ್ಸಿಯನ್ನು ಬಿಟ್ಟು ಬಂದ ನೀವು ಐದು ಜನ ನರ್ಸುಗಳು, ಮೆಡಿಕಲ್ ಶಾಪಿನ ಮಹಡಿಯಲ್ಲಿ ಕೂತು, ಹಾಳೆಯ ಹಿಂಬದಿಯಲ್ಲಿ ಐದು ಸಾಲು ಬರೆದಿರಿ. ಹನ್ನೆರಡು ತಾಸಿನ ಡ್ಯೂಟಿಗೆ ಇಷ್ಟು. ರಾತ್ರಿಗೆ ಹೆಚ್ಚು. ಬಸ್ ಚಾರ್ಜ್ ಬೇರೆ. ಅಡುಗೆ, ಬಟ್ಟೆ ಒಗೆಯುವುದು ನಮ್ಮ ಕೆಲಸವಲ್ಲ. ಐದನೆಯದು: ನೆಂಟರಿರಲಿ, ನೆರೆಯವರಿರಲಿ, ಎಲ್ಲರಿಗೂ ಅದೇ ದರ, ಬಿಟ್ಟಿ ಇಲ್ಲ. ಆ ಸಾಲು ಯಾಕೆ ಬಂತೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಿಮ್ಮ ಸೋದರಮಾವನ ಮನೆಗೆ ಎಂಟು ತಿಂಗಳು ದಿನಾ ಹೋಗಿ ಇನ್ಸುಲಿನ್ ಕೊಟ್ಟಿರಿ. ಕೊನೆಗೆ ಅತ್ತೆ ಒಂದು ಜಾಕೀಟು ಬಟ್ಟೆ ಮಡಿಲಿಗೆ ಹಾಕಿ, "ಮನೆಮಗಳಿಗೆ ಯಾರಾದ್ರೂ ದುಡ್ಡು ಕೊಡ್ತಾರೇನೇ?" ಎಂದರಂತೆ. ನೀವು ಆ ಬಟ್ಟೆಯಲ್ಲಿ ಸೈಕಲ್ ಒರೆಸಿದಿರಂತೆ. ಕೇಳಿದಾಗಲೆಲ್ಲ ನಾನೂ ತಂಗಿಯೂ ನಗುತ್ತಿದ್ದೆವು.

ಐದು ಜನ ಐವತ್ತಾದರು, ಆಮೇಲೆ ಊರಾಯಿತು. ಕಡಗ ಮಾಡಿದವರು ನಿಮ್ಮ ಹಾಳೆಯನ್ನೇ ತಂದು ಒಳಗೆ ತುಂಬಿದರು. ಹಾಳೆಯಲ್ಲಿ ಇಲ್ಲದ್ದು ಕಡಗಕ್ಕೆ ಗೊತ್ತಿಲ್ಲ.

ನನ್ನ ತಂಗಿ ಸಿರಿಗೌರಿ ತಂಪುಮನೆಯ ಬಾಗಿಲಲ್ಲಿ ಒಳಗೆ ಹೋಗುವವರನ್ನು ಎಣಿಸುತ್ತಿದ್ದಳು. ಬಾಗಿಲ ಹೊರಗೆ, ಬಿಸಿಲಲ್ಲಿ. ನಾನು ಯಾವತ್ತೂ ನಾಲ್ಕು ನೆರಳು ಹೇಳುವವಳು. ಕಳೆದ ತಿಂಗಳು ಬಿಸಿಗಾಳಿಯ ಮುನ್ಸೂಚನೆ ಬಂದ ಬೆಳಿಗ್ಗೆ ಅವಳು ರೊಟ್ಟಿ ಕಟ್ಟಿಕೊಳ್ಳುತ್ತ, "ಅಕ್ಕಾ, ನಿನ್ನ ದರ ಕೇಳಿದ್ರೆ ಕಡಗಕ್ಕೇ ನಾಚಿಕೆ ಆಗ್ತದೆ. ಇವತ್ತು ಎಲ್ಲರೂ ಏರಿಸ್ತಾರೆ, ಏಳು ಹೇಳೇ" ಎಂದಳು. ನಾನು ಏಳು ಎಂದೆ. ಹೆಮ್ಮೆಯಿಂದಲೇ ಎಂದೆ.

ಹತ್ತು ಗಂಟೆಯೊಳಗೆ ಹಲಗೆಯ ಮೇಲಿದ್ದ ಬೇರೆ ನರ್ಸುಗಳೆಲ್ಲ ಕೆಲಸಕ್ಕೆ ಹೋಗಿಯಾಗಿತ್ತು. ಏಳು ಕೊಡುವವರು ಸಿಗದೆ ನಾನೊಬ್ಬಳೇ ಮನೆಯಲ್ಲಿದ್ದೆ. ಮಧ್ಯಾಹ್ನ ಗೌರಿಯನ್ನು ನಾಲ್ಕು ಜನ ಹೊತ್ತುಕೊಂಡು ಬಂದರು. ಮೈ ಕೆಂಡ, ಬೆವರು ನಿಂತುಹೋಗಿತ್ತು. ಅವಳ ಹತ್ತಿರ ನಾಲ್ಕೇ ನೆರಳಿದ್ದವು. ನನ್ನ ನೆರಳನ್ನು ಅವಳ ಹೆಸರಿಗೆ ಹಾಕಿ ವಾಪಸು ಪಡೆಯಲು ಆಗುವುದಿಲ್ಲ, ಅದು ಬಿಟ್ಟಿ ಕೆಲಸವಾಗುತ್ತದೆ. ಹತ್ತು ಸಲ ಹಾಕಿದೆ, ಹತ್ತು ಸಲವೂ ಕಡಗ ಹಿಂತಿರುಗಿಸಿತು. ರುಬ್ಬುವ ಗುಂಡು ತಂದು ಪೆಟ್ಟಿಗೆಗೆ ಹೊಡೆದೆ. ಗೌರಿ ಕಣ್ಣು ತೆರೆದು, "ಏಳು ಅಂದೋಳೂ ನಾನೇ ಅಲ್ವೇನೇ" ಎಂದು ನಕ್ಕಳು. ಅದೇ ಅವಳ ಕೊನೆಯ ಮಾತು.

ಎದುರು ಮನೆಯ ತಿಪ್ಪಕ್ಕ ತನ್ನಲ್ಲಿದ್ದ ಎರಡು ನೆರಳನ್ನೂ ಕೊಟ್ಟಳು. ಏಳನೆಯದಕ್ಕೆ ನಾನು ಹದಿನಾಲ್ಕು ಬಾಗಿಲು ಬಡಿದೆ. ಹದಿನೈದನೆಯ ಮನೆಯವರು ಬಂದು ಕೊಟ್ಟಾಗ ಪೆಟ್ಟಿಗೆ ತಾನಾಗಿ, ಮೆತ್ತಗೆ ತೆರೆದುಕೊಂಡಿತು. ಸೂಜಿ ಚುಚ್ಚಲು ನರ ಸಿಗಲಿಲ್ಲ.

ಅಜ್ಜಿ, ದರ ಇಳಿಸಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ನಿಮ್ಮ ದರ ನ್ಯಾಯವಾದದ್ದು. ಆ ಅತ್ತೆಯ ಮನೆಗೆ ಬಿಟ್ಟಿ ದುಡಿಯಿರಿ ಎಂದೂ ಹೇಳುವುದಿಲ್ಲ. ಆದರೆ ನೀವೇ ಆ ಮಾವ ತೀರಿಕೊಂಡ ಮೇಲೆ ಎದುರುಮನೆಯ ಬಾಣಂತಿಗೆ ಹಣ ಕೇಳದೆ ಹದಿನೈದು ದಿನ ಹೋಗಿದ್ದಿರಿ. ಅದನ್ನು ಎಲ್ಲೂ ಬರೆಯಲಿಲ್ಲ. ಯಾರಿಗೆ ಬೇಕಾದರೂ ನಿಮ್ಮ ಮನಸ್ಸಿಗೆ ಬಂದಂತೆ ಹಣ ಬಿಡಬಹುದು ಎಂಬುದು ನಿಮಗೆ ಗೊತ್ತೇ ಇತ್ತು, ಅದಕ್ಕೇ ಬರೆಯಲಿಲ್ಲ. ಆ ಹಾಳೆಯಲ್ಲಿ ಐದನೆಯ ಸಾಲಿನ ಪಕ್ಕ ಎರಡು ಬೆರಳಿನಷ್ಟು ಜಾಗ ಖಾಲಿ ಇದೆ. ದಿನವೂ ಅದನ್ನೇ ನೋಡುತ್ತೇನೆ. ಅಲ್ಲಿ "ನಾನಾಗಿ ಬಿಟ್ಟರೆ ಹೊರತು" ಎಂದು ಬರೆಯಿರಿ. ಬೇರೇನೂ ಬೇಡ.

ತಿಪ್ಪಕ್ಕನ ಎರಡು ನೆರಳು ನನ್ನ ಕಡಗದಲ್ಲೇ ಇವೆ. ಪಡೆದ ಕೂಲಿಯನ್ನು ಹಿಂತಿರುಗಿಸುವುದೂ ಬಿಟ್ಟಿಯ ಲೆಕ್ಕವೇ. ಮೂರಕ್ಕಿಂತ ಕಡಿಮೆ ದರವನ್ನು ಕಡಗ ಒಪ್ಪುವುದಿಲ್ಲ, ಅವಳ ಹತ್ತಿರ ಒಂದೂ ಇಲ್ಲ. ನಿನ್ನೆ ಸಂಜೆ ಅವಳ ಕೈ ಹಿಡಿದು ನೋಡಿದೆ. ಬೆವರು ನಿಂತಿದೆ. "ಹಾಗೇ ಸುಸ್ತು ಕಣೇ, ನಿನ್ನ ಪೆಟ್ಟಿಗೆ ಕಡೆ ನೋಡಬೇಡ" ಎಂದಳು.

ಇವತ್ತೂ ಬಿಸಿಗಾಳಿ ಎಂದು ಹಲಗೆ ಹೇಳುತ್ತಿದೆ. ಮೂಡಣ ಕೆಂಪಾಗುತ್ತಿದೆ. ಈ ಸಾಲು ಬರೆಯುವಾಗ ಕಡಗ ಒಂದು ಸಲ ಬಿಸಿಯಾಯಿತು. ನಾನು ಇನ್ನೂ ದರ ಹೇಳಿಲ್ಲ, ನೀವು ಅಲ್ಲಿ ಬರೆದದ್ದು ಇಲ್ಲಿ ಮೂಡಿದರೆ ತಿಪ್ಪಕ್ಕನಿಗೆ ಬಿಟ್ಟೆ ಎನ್ನಬೇಕೆಂದು ಬಾಯಿ ಬಿಗಿಹಿಡಿದು ಕೂತಿದ್ದೇನೆ. ಹಾಳೆ ನನ್ನ ಮುಂದೆಯೇ ಇದೆ, ಆ ಜಾಗ ಖಾಲಿಯಾಗಿಯೇ ಇದೆ. ಪೆನ್ನು ಕೆಳಗಿಡಬೇಡಿ ಅಜ್ಜಿ.

ಚನ್ನವೀರಿ