ನಮ್ಮ ಮನೆಯ ಒಂದು ಮತ

ಮನೆಯಿಂದ,
ಮಂಗಳವಾರ, ಹತ್ತನೇ ತಾರೀಖು

ಪ್ರೀತಿಯ ತಮ್ಮಾ,

ಚೆನ್ನಾಗಿದ್ದೀಯಾ? ಬೆನ್ನುನೋವು ಹೇಗಿದೆ? ದಿನವಿಡೀ ಬಿಸಿಲಲ್ಲಿ ನಿಂತು ರಸ್ತೆ ಅಳೆಯುವವನು ಟೋಪಿ ಹಾಕಿಕೊಳ್ಳಲಿ ಎಂದು ಅಮ್ಮ ಹೇಳಿಕಳಿಸಿದ್ದಾಳೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಎರಡು ದಿನದಿಂದ ಫೋನು ಎತ್ತದವನಿಗೆ ಪತ್ರವೇ ಗತಿ. ಇನ್ನು ಬೈಯುವುದಷ್ಟೇ ಬಾಕಿ, ಕೂತುಕೊಂಡು ಓದು.

ನಮ್ಮ ಅಪಾರ್ಟ್‌ಮೆಂಟಿನ ಹಿಂಬಾಗಿಲಲ್ಲಿ ಅಮ್ಮನ ಗಾಲಿಕುರ್ಚಿ ಇಳಿಯುವ ಇಳಿಜಾರು ಇದೆಯಲ್ಲ, ಅದನ್ನು ಒಡೆದು ಎರಡು ಕಾರಿಗೆ ಜಾಗ ಮಾಡಬೇಕೆಂದು ಮನೆ ಮಾಲೀಕರ ಸಂಘ ಭಾನುವಾರ ತೀರ್ಮಾನಿಸಿದೆ. ಮುಂಬಾಗಿಲಲ್ಲಿ ಐದು ಮೆಟ್ಟಿಲು. ಅಮ್ಮ ಬೆಳಿಗ್ಗೆ ಒಂಬತ್ತಕ್ಕೆ ತಾನೇ ಗಾಲಿ ತಳ್ಳಿಕೊಂಡು ರಸ್ತೆ ದಾಟಿ ತನ್ನ ಟೈಲರ್ ಅಂಗಡಿಯ ಬೀಗ ತೆಗೆಯುವವಳು. ಕಾಲು ಸೋತ ಮೇಲೂ ಅವಳ ಮುಖದಲ್ಲಿ ಗೆಲುವು ಉಳಿದಿರುವುದು ಆ ಅಂಗಡಿಯಿಂದ. ಅಧ್ಯಕ್ಷರು, ಅದೇ ದಿನಕ್ಕೊಂದು ನೋಟೀಸು ಅಂಟಿಸುವ ನಮ್ಮ ಸುತ್ತೋಲೆ ಮಾಮ, ಹೇಳಿದ್ದೇನು ಗೊತ್ತೇ? "ವಾಚ್‌ಮನ್ ಇದಾನಲ್ಲಮ್ಮಾ, ಎತ್ತಿ ಇಳಿಸ್ತಾನೆ." ಅಮ್ಮ ಕೇಳಿದಳು, "ನಾನೇನು ಮೂಟೇನಾ?" ಕೆಲವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೆ ನಾನೇನು ಮಾಡಲಿ? ಮನೆ ಇರುವುದು ನಿನ್ನ ಹೆಸರಲ್ಲಿ. ಎಂಟು ವರ್ಷದಿಂದ ನಾನು ಒಂದು ಸಭೆಯನ್ನೂ ತಪ್ಪಿಸಿಲ್ಲ. ಟ್ಯಾಂಕ್ ತೊಳೆಸಿದವಳು ನಾನು, ಲಿಫ್ಟು ಕೆಟ್ಟಾಗ ಮೆಕ್ಯಾನಿಕ್ಕನ ಬೆನ್ನು ಹತ್ತಿದವಳು ನಾನು. ಮಾತಾಡಬಹುದಂತೆ, ಕೈ ಎತ್ತುವ ಹಾಗಿಲ್ಲವಂತೆ. ಎತ್ತಬೇಕಾದ ಮಹಾರಾಯ ನೀನು ಏನು ಮಾಡಿದ್ದೀಯ? ಅವರು ಕಳಿಸಿದ ಪ್ರಾಕ್ಸಿ ಪತ್ರಕ್ಕೆ, ಅಂದರೆ ನನ್ನ ಬದಲು ಇಂಥವರು ಮತ ಹಾಕಲಿ ಎಂಬ ಕಾಗದಕ್ಕೆ, ಓದದೆ ಸಹಿ ಗೀಚಿ ಅಧ್ಯಕ್ಷರಿಗೇ ಒಪ್ಪಿಸಿದ್ದೀಯ. ಹೆಸರು ಬರೆಯಲು ಅಲ್ಲಿ ಖಾಲಿ ಗೆರೆ ಇತ್ತು ಕಣೋ! ನನ್ನ ಹೆಸರು ಬರೆಯಲು ನಿನ್ನ ಕೈಗೆ ಏನಾಗಿತ್ತು? ಅದರ ಕೆಳಗೆ ದೊಡ್ಡಸ್ತಿಕೆ ಬೇರೆ: "ನಿಮಗೆ ಸರಿ ಕಂಡಂಗೆ ಮಾಡಿ ಸಾರ್." ಮಾಡಿದರು.

ಸುತ್ತೋಲೆ ಮಾಮ ಮತಗಳನ್ನು ಒಂದೊಂದಾಗಿ ಓದುತ್ತಾ ನಮ್ಮ ಮನೆಯ ಸರದಿಗೆ ಬಂದು "ಪರವಾಗಿ" ಎಂದಾಗ ಅಮ್ಮ ಪಾಪ ನಕ್ಕುಬಿಟ್ಟಳು. "ಸಾರ್, ನಮ್ಮನೇದು ತಪ್ಪಾಗಿ ಓದಿದ್ರಿ" ಎಂದಳು. ಅವರು ಕಾಗದವನ್ನೇ ಅವಳ ಕೈಗೆ ಕೊಟ್ಟರು. ಕನ್ನಡಕದ ಹತ್ತಿರ ಹಿಡಿದು ನೋಡಿ, ಮಡಚಿ ವಾಪಸು ಕೊಟ್ಟು, "ಅವನದೇ ಸಹಿ" ಎಂದಳು. ಪರವಾಗಿ ಹನ್ನೆರಡು, ವಿರುದ್ಧ ಹನ್ನೊಂದು. ಮೂರನೇ ಮಹಡಿಯ ನರ್ಸು ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟು ಬಂದು ವಿರುದ್ಧ ಕೈ ಎತ್ತಿದಳು. ಯಾರದೋ ಮನೆ ಹುಡುಗಿ. ನೀನು ಹೊಟ್ಟೆಯಲ್ಲಿ ಹುಟ್ಟಿದ ಮಗ!

ಬರುವ ಸೋಮವಾರ ಗಾರೆಯವರು ಒಡೆಯಲು ಬರುತ್ತಾರೆ. ಅಮ್ಮ ಹೊಲಿಗೆಗೆ ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾಳೆ. ಹೊಲಿಯದ ಬಟ್ಟೆಗಳನ್ನು ಮಡಚಿ, ಚೀಟಿ ಚುಚ್ಚಿ, ಅವರವರಿಗೆ ವಾಪಸು ಕೊಡುತ್ತಿದ್ದಾಳೆ. ನಿನ್ನನ್ನು ಒಂದು ಮಾತೂ ಅಂದಿಲ್ಲ. "ಕೆಲಸದ ಗಡಿಬಿಡೀಲಿ ನೋಡಿರಲ್ಲ ಬಿಡೇ" ಎನ್ನುತ್ತಾಳೆ. ಅವಳು ಬಿಟ್ಟರೂ ನಾನು ಬಿಡುವವಳಲ್ಲ.

ಹೊಟ್ಟೆ ತುಂಬ ಉಣ್ಣು, ಹೊತ್ತಿಗೆ ಸರಿಯಾಗಿ ಮಲಗು. ಸಿಟ್ಟು ಎಷ್ಟಿದ್ದರೂ ನೀನು ಚೆನ್ನಾಗಿರಬೇಕು.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ ತಪ್ಪಿಗೆ,
ಅಕ್ಕ

ಮರೆತಿದ್ದೆ: ಸಂಘದ ನಿಯಮಾವಳಿಯ ನಲವತ್ತು ಪುಟವನ್ನೂ ಓದಿದೆ. ತೀರ್ಮಾನವನ್ನು ಮತ್ತೆ ಮತಕ್ಕೆ ಹಾಕಿಸಬಹುದು, ಆದರೆ ಪರವಾಗಿ ಮತ ಹಾಕಿದವರೇ ಏಳು ದಿನದೊಳಗೆ ಕೇಳಬೇಕು. ವಿರುದ್ಧ ಇದ್ದ ಹನ್ನೊಂದು ಜನ ಬಾಯಿಬಡಿದುಕೊಂಡರೂ ನಡೆಯದು. ಆ ಹನ್ನೆರಡರಲ್ಲಿ ನಮ್ಮವನು ನೀನೊಬ್ಬನೇ. ಇದಕ್ಕೆ ಪ್ರಾಕ್ಸಿ ನಡೆಯುವುದಿಲ್ಲ, ಖುದ್ದಾಗಿ ಬರಬೇಕು. ಶನಿವಾರದ ಬಸ್ಸು ಹಿಡಿ, ಭಾನುವಾರ ಕೊನೆಯ ದಿನ. ಅಮ್ಮನಿಗೆ ಈ ನಿಯಮದ ವಿಷಯ ಹೇಳಿಲ್ಲ. ನೀನು ಬರದೇ ಹೋದರೆ, ಹೀಗೊಂದು ದಾರಿ ಇತ್ತೆಂದು ಅವಳಿಗೆ ಗೊತ್ತಾಗುವುದೇ ಬೇಡ.