ತೊಳೆಯದ ದೋಣಿ

ಅಣ್ಣಾ,

ಬೇರೆ ಕೆರೆಯಿಂದ ನೀನು ದೋಣಿ ತಂದ ದಿನ ಅಪ್ಪ, "ತಳಕ್ಕೆ ಜೀವವಿರುವ ಕಪ್ಪೆಚಿಪ್ಪು ಅಂಟಿದೆ, ತೊಳೆದು ಒಣಗಿಸಿ ನೀರಿಗಿಳಿಸು" ಅಂದಿದ್ದರು. "ನಾಲ್ಕು ಚಿಪ್ಪಿಗೆ ಕೆರೆಯೇನು ಹಾಳಾಗಲ್ಲ ಬಿಡಿ" ಅಂತ ನೀನು ನಕ್ಕು ಹಾಗೇ ನೀರಿಗಿಳಿಸಿದೆ.

ಎರಡೇ ವರ್ಷದಲ್ಲಿ ಆ ಕಪ್ಪೆಚಿಪ್ಪುಗಳು ಮರಿಯಿಟ್ಟು ಸಾವಿರಗಟ್ಟಲೆಯಾಗಿ, ಊರಿಗೆ ನೀರೆತ್ತುವ ಕೊಳವೆಯನ್ನೇ ಮುಚ್ಚಿಬಿಟ್ಟವು. ಮೂರು ದಿನ ಆಸ್ಪತ್ರೆಗೂ ನೀರಿರಲಿಲ್ಲ. ಪಂಪ್‌ಹೌಸನ್ನೂ ಕೆರೆಗಿಳಿಯುವ ದೋಣಿಗಳನ್ನೂ ನೋಡಿಕೊಳ್ಳುವ ಅಪ್ಪನೇ ಒಳಗೆ ಕೈಹಾಕಿ ಕೆರೆದು ತೆಗೆದರು. ಎರಡೂ ಅಂಗೈ ಸೀಳಿಹೋಗಿ ಹೊಲಿಗೆ ಬಿದ್ದಿವೆ; ಊಟ ನಾನೇ ಮಾಡಿಸುತ್ತಿದ್ದೇನೆ.

ನಿನ್ನೆ ಎಂಜಿನಿಯರ್ ವಿಚಾರಿಸಿದಾಗ ಅಪ್ಪ, "ದೋಣಿ ಪರೀಕ್ಷಿಸದೆ ಬಿಟ್ಟದ್ದು ನನ್ನ ತಪ್ಪು ಸಾರ್" ಅಂದರು. ಯಾರ ದೋಣಿ ಅಂತ ಬಾಯಿಬಿಡಲಿಲ್ಲ. ಕೆಲಸ ಹೋಯಿತು. ನಾನು ಜಗಳ ತೆಗೆದರೆ, "ಅವನು ಮಗ ಕಣೇ" ಅಂದರು.

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಸೋಮವಾರ ಬಂದು ಎಂಜಿನಿಯರ್ ಮುಂದೆ ಒಪ್ಪಿಕೋ. ಬರದಿದ್ದರೆ ಮಂಗಳವಾರ ನಾನೇ ಹೇಳುತ್ತೇನೆ. ಅಪ್ಪ ತಡೆದರೂ ಹೇಳುತ್ತೇನೆ.

ನಿನ್ನ ತಂಗಿ