ಸೋಮೇಶನ ಬಿಸಿನೀರು

ಚಂದಕವಾಡಿ,
೧೪ ಮಾರ್ಚ್ ೨೦೨೫

ತಮ್ಮ ಸೋಮೇಶನಿಗೆ,

ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ಕೊಯಮತ್ತೂರಿನ ಸಮ್ಮೇಳನದಲ್ಲಿ ಶಾಲು ಹೊದ್ದು ನಿಂತ ಫೋಟೊ ನೋಡಿದೆ, ಮೈಕೈ ತುಂಬಿಕೊಂಡಿದ್ದೀಯ. ಅಮ್ಮನ ಮಂಡಿನೋವು ಹಾಗೇ ಇದೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ನನ್ನ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಮೇಲೆ ನೀನು ಪಿಎಚ್.ಡಿ. ಸಂಶೋಧನೆಗೆಂದು ಕೂರಿಸಿದ ಸೋಲಾರ್ ಯಂತ್ರದ ವಿಷಯ. ಅದರ ಕೊಳವೆಗಳಲ್ಲಿ ನೀನು ಬರೀ ನೀರಿನ ಬದಲು, ಕಣ್ಣಿಗೆ ಕಾಣದಷ್ಟು ಸಣ್ಣ ಅಲ್ಯುಮಿನಿಯಂ ಆಕ್ಸೈಡ್ ಕಣ ಬೆರೆಸಿದ ನ್ಯಾನೊ ದ್ರವ ಹರಿಸಿದೆ. ಅದೇ ಬಿಸಿಲಿಗೆ ಹೆಚ್ಚು ಶಾಖ ಎಂದೆ. ಸುಳ್ಳಲ್ಲ. ಹೊತ್ತು ಏರುವಷ್ಟರಲ್ಲಿ ಟ್ಯಾಂಕಿನ ನೀರು ಮುಟ್ಟಲಾಗದಷ್ಟು ಕಾಯುತ್ತಿತ್ತು. ಸೌದೆ ಒಲೆ ಆರಿತು, ಗೂಡು ಬೇಯಿಸುವ ಹೆಂಗಸರ ಕೆಮ್ಮೂ ನಿಂತಿತು. ಇದು ನನ್ನ ತಮ್ಮ ಮಾಡಿದ್ದು ಎಂದು ಊರೆಲ್ಲ ಹೇಳಿಕೊಂಡು ಬಂದವಳು ನಾನೇ.

ಆದರೆ ಆ ಸಮ್ಮೇಳನಕ್ಕೆ ಹೊರಡುವ ದಿನ, ನೀನು ನಲ್ಲಿಗೆ ತಣ್ಣೀರು ಬೆರೆಸುವ ವಾಲ್ವನ್ನು ಬಿಚ್ಚಿಟ್ಟೆ. ಅದಿದ್ದರೆ ನಿನ್ನ ಅಳತೆ ಕೆಡುತ್ತದಂತೆ. ವಾಪಸ್ ಹಾಕು ಎಂದು ನಾನಂದರೆ, "ನಾನು ಬರುವವರೆಗೆ ಏನೂ ಆಗಲ್ಲ" ಎಂದು ನೀನು ಬಸ್ಸು ಹತ್ತಿದೆ. ಮಾರನೇ ಮಧ್ಯಾಹ್ನ ನಮ್ಮ ನೂಲಿನ ಕೆಲಸದ ಭಾಗ್ಯ ಎಂದಿನಂತೆ ನಲ್ಲಿ ತಿರುಗಿಸಿದಳು. ಆವಿಯ ಜೊತೆ ಕುದಿನೀರು ಚಿಮ್ಮಿ ಬಲಗೈ ಮಣಿಕಟ್ಟಿನವರೆಗೆ ಬೆಂದುಹೋಯಿತು. ಚಾಮರಾಜನಗರದ ಆಸ್ಪತ್ರೆಯ ಮೆಟ್ಟಿಲ ಮೇಲಿಂದ ಫೋನು ಮಾಡಿದರೆ ನೀನು ಕೇಳಿದ್ದೇನು? "ನೀರು ಎಷ್ಟು ಡಿಗ್ರಿ ಇತ್ತಕ್ಕ?" ಯಾರ ಕೈ ಎಂದೂ ಕೇಳಲಿಲ್ಲ.

ನಿನ್ನೆ ಗುಂಡ್ಲುಪೇಟೆಗೆ, ಅವಳ ತವರಿಗೆ ಹೋಗಿದ್ದೆ. ಅವಳವ್ವ ರಾಚಮ್ಮ ನನ್ನ ಮುಖ ನೋಡಲಿಲ್ಲ. ಭಾಗ್ಯ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು, "ಬೆರಳು ಮಡ್ಸಕ್ಕೆ ಆಯ್ತಿಲ್ಲ ಕಣಕ್ಕ. ಇನ್ನು ಎಳೆ ಸಿಕ್ಕುದ್ರೂ ಗೊತ್ತಾಯ್ತದೋ ಇಲ್ವೋ" ಎಂದಳು. ಗೂಡಿನ ಎಳೆಯನ್ನು ಅವಳಷ್ಟು ಬೇಗ ಹಿಡಿಯುವವರು ನಮ್ಮಲ್ಲಿ ಯಾರಿದ್ದಾರೆ? ನಿನ್ನ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ ಅವಳು. ನನ್ನ ಸಿಟ್ಟು ಏರಿದ್ದು ಅದಕ್ಕೇ.

ಅಮ್ಮ ಆಶೀರ್ವಾದ ತಿಳಿಸು ಎಂದಳು. ಅವಳದ್ದು ತಿಳಿಸಿದ್ದೇನೆ, ಅಷ್ಟೆ.

ಸುಧಾಮಣಿ

ತಾ.ಕ.: ಅಂಚೆಗೆ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ನಿನ್ನ ಗೈಡ್ ವೃಷಭೇಂದ್ರಪ್ಪನವರಿಗೆ ಎಲ್ಲ ಹೇಳಿದೆ. ಭಾಗ್ಯಳನ್ನೂ ಮಾತಾಡಿಸಿದರು. ಅವರೇ ಜನ ಕಳಿಸಿ ವಾಲ್ವ್ ಹಾಕಿಸಿದ್ದಾರೆ. ಹೊಗೆ ಬೇಡವೆಂದು ಹೆಂಗಸರು ಹಟ ಹಿಡಿದದ್ದರಿಂದ ಯಂತ್ರ ಓಡುತ್ತಿದೆ. ಆ ಕೈ ಸುಟ್ಟದ್ದನ್ನು ನೀನು ಪ್ರಬಂಧದಲ್ಲಿ ಬರೆಯುವ ತನಕ ಅವರು ಅದಕ್ಕೆ ಸಹಿ ಹಾಕುವುದಿಲ್ಲವಂತೆ. ಹಾಕಬೇಡಿ ಎಂದು ಕೇಳಿಕೊಂಡದ್ದು ನಾನೇ. ಯುಗಾದಿಗೆ ಬರಬೇಡ.